ಕಾಯುವವರ ಪಟ್ಟಿಯಲ್ಲಿ ಎರಡನೆಯವಳು

ಪುಣೆಯಿಂದ ಮೇಲ್ ಬಂದಾಗ ಅನುಶ್ರೀ ಅನಾನಸಿನ ಹೊಲದಲ್ಲಿದ್ದಳು. ಬನವಾಸಿ ಊರು ಮುಗಿಯುವಲ್ಲಿ ಅವರ ಭೂಮಿ. ಅಪ್ಪ ಅಂದಾನಪ್ಪ ಹಣ್ಣು ಕೊಯ್ದು ಕೊಡುತ್ತಿದ್ದ, ಅವ್ವ ದ್ಯಾವಮ್ಮ ಬದುವಿನ ಮೇಲೆ ಒಟ್ಟುತ್ತಿದ್ದಳು. ಅನುಶ್ರೀ ಹಣ್ಣು ಹೊರುವುದನ್ನು ಬಿಟ್ಟು ನಿಂತಲ್ಲೇ ಫೋನು ತೆಗೆದು ಓದಿದಳು. ಮತ್ತೊಮ್ಮೆ ಓದಿದಳು.

"ಏನಂತವ್ವಾ? ಸಿಕ್ಕತೇನು?" ಅಂದಾನಪ್ಪ ಕುಡಗೋಲು ಹಿಡಿದೇ ಕೇಳಿದ.

"ಇಲ್ಲಪಾ."

"ಇಲ್ಲ ಅಂದ್ರೇನು?"

"ಇಲ್ಲ ಅಂತನೂ ಅಂದಿಲ್ಲ. ವೇಟಿಂಗ್ ಲಿಸ್ಟಿನ್ಯಾಗ ಎರಡನೇದಾಕಿ ಅದೀನಿ. ಸೀಟು ಸಿಕ್ಕವರು ಯಾರಾರ ಬಿಟ್ರ ನನಗ ಬರತೈತಿ."

"ಬಿಡತಾರೇನು?"

"ನನಗೇನು ಗೊತ್ತು!"

ಅಂದಾನಪ್ಪ ಮಗಳ ಮುಖ ನೋಡಿದ. "ಹೌದು ಅಂದಿದ್ರ ಪೇಡೆ ತರತಿದ್ದೆ. ಇಲ್ಲ ಅಂದಿದ್ರ ನಾಕು ಮಾತು ಬೈದು ಸುಮ್ಮನಾಗತಿದ್ದೆ. ಇದಕ್ಕೇನು ಮಾಡಬೇಕು ತಿಳೀವಲ್ದು" ಎಂದು ಮತ್ತೆ ಬಗ್ಗಿದ.

ಅನುಶ್ರೀಗೂ ತಿಳಿಯಲಿಲ್ಲ. ಬನವಾಸಿಯ ಹೊಲಗಳಲ್ಲಿ ನೇಗಿಲು ಹೊಡೆದರೆ ಹಳೆಯ ಇಟ್ಟಿಗೆ, ಕೆಂಪು ಮಡಕೆಯ ಚೂರು ಏಳುವುದು ಅಲ್ಲಿನವರಿಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ಉಳಿದ ಮಕ್ಕಳು ಒದ್ದು ಆಡುತ್ತಿದ್ದ ಚೂರುಗಳನ್ನು ಅವಳು ತೊಳೆದು ಜೋಡಿಸಿಡುತ್ತಿದ್ದಳು. ಶಿರಸಿಯ ಕಾಲೇಜಿಗೆ ಬಿ.ಎ.ಗೆ ಸೇರಿದ ಮೇಲೆ, ಇದನ್ನೇ ಓದುವ ಪುರಾತತ್ವ ಎಂಬ ವಿಷಯವಿದೆ, ಅದಕ್ಕೆ ಪುಣೆಯ ವಿಶ್ವವಿದ್ಯಾಲಯಕ್ಕೇ ಹೋಗಬೇಕು ಎಂದು ಇತಿಹಾಸದ ಮೇಡಂ ಹೇಳಿದರು. ಆವತ್ತಿನಿಂದ ಅವಳ ತಲೆಯಲ್ಲಿ ಬೇರೆ ಊರು ಇರಲಿಲ್ಲ. ಮೂರು ವರ್ಷ ಒಂದೇ ರೂಮಿನಲ್ಲಿದ್ದ ಯಲ್ಲಾಪುರದ ಅಭಿಜ್ಞಾಳಿಗೂ ಆ ಹುಚ್ಚು ಹಿಡಿಸಿದವಳು ಅವಳೇ. ಇಬ್ಬರೂ ಒಟ್ಟಿಗೆ ಹುಬ್ಬಳ್ಳಿಗೆ ಹೋಗಿ ಪ್ರವೇಶ ಪರೀಕ್ಷೆ ಬರೆದರು. ಅಭಿಜ್ಞಾಳಿಗೆ ಸೀಟು ಸಿಕ್ಕಿತು.

ಮೇಲ್ ಬಂದ ಮೇಲೆ ಅನುಶ್ರೀಗೆ ಕೂತಲ್ಲಿ ಕೂರಲು ಆಗಲಿಲ್ಲ. ರೊಟ್ಟಿ ಬೇಯಿಸುತ್ತ ಫೋನು ನೋಡಿ ರೊಟ್ಟಿ ಸುಟ್ಟಳು. ಮೇಲ್ ಎಲ್ಲಾದರೂ ಬೇರೆ ಫೋಲ್ಡರಿಗೆ ಹೋಗಿ ಬಿದ್ದಿದೆಯೇನೋ ಎಂದು ಜಾಹೀರಾತುಗಳ ನಡುವೆ ಹುಡುಕಿದಳು. ಪುಣೆಯ ಆಫೀಸಿಗೆ ಫೋನು ಮಾಡಿದರೆ, ಬದಲಾವಣೆಯಾದರೆ ತಿಳಿಸುತ್ತೇವೆ ಎಂದು ಹಿಂದಿಯಲ್ಲಿ ಹೇಳಿ ಇಟ್ಟರು. ಮಧ್ಯಾಹ್ನದ ಸೆಕೆಯಲ್ಲಿ ಸ್ಕೂಟಿ ತೆಗೆದು ಶಿರಸಿಗೆ ಹೋಗುವಳು, ಅಲ್ಲಿ ಮಾಡುವ ಕೆಲಸವೇನೂ ಇಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ತಿರುಗಿ ಬರುವಳು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಸೀಟು ಆಗಲೇ ಸಿಕ್ಕಿತ್ತು. ಅಪ್ಪ ಒತ್ತಾಯ ಮಾಡಿ ಫೀಸು ಕಟ್ಟಿಸಿದ್ದ. ಆದರೆ ಯಾರಾದರೂ ಧಾರವಾಡ ಎಂದರೆ ಅದು ಇನ್ಯಾರದೋ ವಿಷಯ ಎನ್ನುವ ಹಾಗೆ ಅವಳು ಬೇರೆ ಕಡೆ ನೋಡುತ್ತಿದ್ದಳು.

ಅದೇ ಹೊತ್ತಿಗೆ ಸಿದ್ದಾಪುರದ ಹತ್ತಿರ ಮನ್ಮನೆಯಲ್ಲಿ ಸಹಪಾಠಿ ಶ್ರೀಲಕ್ಷ್ಮಿಯ ಮದುವೆ ಬಂತು. ಬೇಡವೆಂದುಕೊಂಡೇ ಹೋದಳು. ಎದುರಾದವರೆಲ್ಲ ಕೇಳುವುದು ಒಂದೇ: ಪುಣೆ ಏನಾಯ್ತು? ಊಟವಾಗಿ ಕೈ ತೊಳೆಯುವಾಗ ಅಭಿಜ್ಞಾ ಪಕ್ಕಕ್ಕೆ ಬಂದು ನಿಂತಳು.

"ನಾನು ಹೋಗೋದು ಡೌಟು ಮಾರಾಯ್ತಿ."

"ಎಂತಕ್ಕೆ?"

"ಆಯಿ ಕಣ್ಣು." ತಾಯಿಯನ್ನು ಅವಳು ಕರೆಯುತ್ತಿದ್ದುದು ಹಾಗೆ. " ಸಕ್ಕರೆ ಕಾಯಿಲೆಯಿಂದ ಒಳಗೆ ನರ ಹಾಳಾಗಿದೆ. ತಿಂಗಳು ತಿಂಗಳು ಹುಬ್ಬಳ್ಳಿಗೆ ಹೋಗಿ ಕಣ್ಣಿಗೆ ಇಂಜೆಕ್ಷನ್ ಮಾಡಿಸ್ಬೇಕು. ಅಪ್ಪಯ್ಯಂಗೆ ಸ್ಕೂಲಲ್ಲಿ ರಜೆ ಉಳಿದಿಲ್ಲ. ಇಷ್ಟು ದಿನ ನಾನೇ ಕರ್ಕೊಂಡು ಹೋಗ್ತಿದ್ದೆ."

"ಅಯ್ಯೋ" ಎಂದಳು ಅನುಶ್ರೀ. ದನಿಯಲ್ಲಿ ಇರಬೇಕಾದ ಮರುಕವೆಲ್ಲ ಇತ್ತು. ಆದರೆ ಎದೆಯೊಳಗೆ ಏನೋ ಜಿಗಿದು ನಿಂತಿತ್ತು. ಅಭಿಜ್ಞಾ ಬಿಟ್ಟರೆ ತಾನು ಎರಡರಿಂದ ಒಂದಕ್ಕೆ. ಒಣಗಿದ ಕೈಯನ್ನೇ ಅವಳು ದುಪಟ್ಟಾಕ್ಕೆ ಮತ್ತೆ ಮತ್ತೆ ಒರೆಸಿಕೊಂಡಳು.

ಆ ವಾರ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅಭಿಜ್ಞಾ ಏನು ಮಾಡುತ್ತಾಳೆ? ಕೇಳಲೇ? ಕೇಳಿದರೆ ಏನೆಂದುಕೊಂಡಾಳು? ಕೊನೆಗೆ ಪುಸ್ತಕ ವಾಪಸು ಕೊಡುವ ನೆಪ ಹೇಳಿ ಶಿರಸಿಗೆ ಬಂದು ಯಲ್ಲಾಪುರದ ಬಸ್ಸು ಹತ್ತಿದಳು.

ಅಭಿಜ್ಞಾಳ ಮನೆ ಪೇಟೆಯ ಹಿಂದಿನ ಬೀದಿಯಲ್ಲಿ. ತಂದೆ ರಘುಪತಿ ಹೈಸ್ಕೂಲು ಮೇಷ್ಟ್ರು, ಆಗ ಶಾಲೆಯಲ್ಲಿದ್ದರು. ತಾಯಿ ಸೀತಾರಿಗೆ ನೇರ ನೋಡಿದರೆ ಎದುರಿನದು ಮಸಿ ಬಳಿದಂತೆ ಕಾಣುತ್ತಿತ್ತು. ಅಂಚುಗಳು ಮಾತ್ರ ಕಾಣುತ್ತಿದ್ದವು. ಹಾಗಾಗಿ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಮಾತಾಡುತ್ತಿದ್ದರು. ಅನುಶ್ರೀ ಒಳಗೆ ಹೋಗುವಾಗ ತಾಯಿ ಮಗಳ ನಡುವೆ ಹವ್ಯಕರ ಮನೆಮಾತಿನಲ್ಲಿ ಅದೇ ಚರ್ಚೆ ನಡೆದಿತ್ತು.

"ಆನು ಒಬ್ಬಳೇ ಹೋಗ್ತೆ. ಯಂಗೆ ಎಂತ ಆಗ್ತಿಲ್ಲೆ" ಎನ್ನುತ್ತಿದ್ದರು ಸೀತಾ, ಹುಬ್ಬಳ್ಳಿಗೆ ತಾನೊಬ್ಬಳೇ ಹೋಗಬಲ್ಲೆ, ತನಗೇನೂ ಆಗದು ಎಂಬ ಹಟದಲ್ಲಿ.

"ಬಸ್ಸಿನ ಬೋರ್ಡು ಓದಲೆ ಬತ್ತಿಲ್ಲೆ, ಒಬ್ಬಳೇ ಹೋಗ್ತಡ!" ಅಭಿಜ್ಞಾ ಸಿಡುಕಿದಳು. ಅನುಶ್ರೀಯನ್ನು ಕಂಡು, "ನೋಡು, ದಿನಾ ಇದೇ" ಎಂದಳು.

ಸೀತಾ ಮಜ್ಜಿಗೆ ಮಾಡಲು ಒಳಗೆ ಹೋದರು. ಗೆಳತಿಯರಿಬ್ಬರೂ ಜಗಲಿಯಲ್ಲಿ ಕೂತರು. ಅಭಿಜ್ಞಾ ಉಗುರು ಕಚ್ಚುತ್ತ, "ನೀನೇ ಹೇಳು ಅನು. ಹೋಗ್ಲಾ ಬೇಡ್ವಾ?" ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅನುಶ್ರೀ ಈ ಪ್ರಶ್ನೆಗೆ ಒಳ್ಳೆಯ ಉತ್ತರವೊಂದನ್ನು ಹುಡುಕಿದ್ದಳು. ಬಾಯಿಗೆ ಬಂದದ್ದು ಅದಲ್ಲ.

"ನಾನಾಗಿದ್ರೆ ಹೋಗ್ತಿರ್ಲಿಲ್ಲ. ನಾಳೆ ಒಂದು ಇಂಜೆಕ್ಷನ್ ತಪ್ಪಿ ಕಣ್ಣು ಪೂರ್ತಿ ಹೋದ್ರೆ, ಪುಣೆಲಿ ಕೂತು ನಿಂಗೆ ಓದೋಕಾಗ್ತದಾ?"

ಒಳಗೆ ಕಡೆಗೋಲಿನ ಸದ್ದು ನಿಂತಿತು. ಅಭಿಜ್ಞಾಳ ಮುಖ ಬಿಳಿಚಿಕೊಂಡಿತು. ಎದ್ದು ಹಿತ್ತಲಿಗೆ ಹೋದವಳು ಮತ್ತೆ ಬರಲಿಲ್ಲ. ಅನುಶ್ರೀ ಮಜ್ಜಿಗೆ ಕುಡಿದು, ಪುಸ್ತಕ ಅಲ್ಲಿಟ್ಟು ಎದ್ದಳು. ಸೀತಾ ಗೋಡೆ ಮುಟ್ಟಿಕೊಳ್ಳುತ್ತ ಗೇಟಿನ ತನಕ ಬಂದರು.

"ಅನು, ನಿಂದು ಎಷ್ಟನೇ ನಂಬರು?"

"ಎರಡು."

"ಹಂಗಾದ್ರೆ ಇವಳು ಬಿಟ್ರೂ ನಿಂಗೆ ಬರೋದಿಲ್ಲ. ಇನ್ನೂ ಒಬ್ರು ಬಿಡ್ಬೇಕು." ಸೀತಾರ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಸೀಟು ಬೇಕು ಅಂತ ನೇರ ಕೇಳಿದ್ರೆ ಯಾರೂ ತಪ್ಪು ತಿಳೀತಿರ್ಲಿಲ್ಲ ತಂಗಿ. ನನ್ನ ಕಣ್ಣನ್ನ ಯಾಕೆ ಮಧ್ಯ ತಂದೆ?"

ಅನುಶ್ರೀ ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿಗೆ ನಡೆದಳು. ಶಿರಸಿಯಲ್ಲಿ ಇಳಿದಾಗ ಬನವಾಸಿ ಬಸ್ಸು ನಿಂತಿತ್ತು, ಹತ್ತಲಿಲ್ಲ. ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಓಡಾಡಿದಳು. ಬಸ್ಸು ಹೊರಟುಹೋದ ಮೇಲೆ ಅಭಿಜ್ಞಾಳಿಗೆ ಫೋನು ಮಾಡಿದಳು.

"ಅಭಿ, ನಾನು ಹೇಳಿದ್ದು ನಿನ್ನ ಒಳ್ಳೇದಕ್ಕಲ್ಲ. ನನ್ನ ಸೀಟಿಗೆ."

"ಗೊತ್ತು. ಹೇಳ್ತಿರಬೇಕಾದ್ರೆ ನೀ ನನ್ನ ಮುಖ ನೋಡ್ಲಿಲ್ಲ." ಅಭಿಜ್ಞಾಳ ದನಿ ಒಡೆದಿತ್ತು. "ಆದ್ರೆ ಆ ಮಾತು ಈಗ ನನ್ನ ತಲೆಯಿಂದ ಹೋಗೋದಿಲ್ಲ ಅನು. ನೀನು ಹೇಳಿ ಹಗುರ ಆದೆ. ನಾನೆಂತ ಮಾಡ್ಲಿ?"

ಫೋನು ಕಟ್ಟಾಯಿತು.

ಮೊದಲು ಒಂದೇ ಭಯದಲ್ಲಿ ಮೇಲಿಗೆ ಕಾಯುತ್ತಿದ್ದವಳಿಗೆ ಈಗ ಎರಡು ಭಯಗಳಾದವು. ಪುಣೆಯಿಂದ ಸೀಟು ಬಂದರೆ ಅದು ಅಭಿಜ್ಞಾ ಬಿಟ್ಟದ್ದರಿಂದ ಬಂದದ್ದೋ ಎಂಬ ಭಯ. ಬಾರದಿದ್ದರೆ ಎಂಬ ಹಳೆಯ ಭಯ ಬೇರೆ. ಫೋನು ಸದ್ದು ಮಾಡಿದರೆ ನೋಡದೆ ಮಗುಚಿಡುತ್ತಿದ್ದಳು. ಊಟದ ಮುಂದೆ ಕೂತು ಎದ್ದುಹೋಗುವ ಮಗಳನ್ನು ಒಂದು ಸಂಜೆ ದ್ಯಾವಮ್ಮ ಹಿಡಿದು ಕೂರಿಸಿದಳು. ಅನುಶ್ರೀ ಎಲ್ಲ ಹೇಳಿದಳು.

ದ್ಯಾವಮ್ಮ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಇಂಥಾದ್ದನ್ನ ಫೋನಿನ್ಯಾಗ ಹೇಳಿ ಮುಗಸಾಕ ಬರೂದಿಲ್ಲವ್ವಾ. ಎದುರು ಹೋಗಿ ನಿಂದ್ರಬೇಕು. ಬೈದ್ರ ಬೈಸ್ಕೊಂಡು ಬಾ" ಎಂದಳು. ಮರುದಿನ ಹೊರಡುವಾಗ ಚೀಲದಲ್ಲಿ ಒಳ್ಳೆಯ ಅನಾನಸು ಹಣ್ಣುಗಳನ್ನೂ ಇಟ್ಟಳು.

ಯಲ್ಲಾಪುರದಲ್ಲಿ ಬಾಗಿಲು ತೆಗೆದ ಅಭಿಜ್ಞಾ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸೀತಾ ಚೀಲಕ್ಕೆ ಕೈಹಾಕಿ ಹಣ್ಣಿನ ಮುಳ್ಳು ತಡವಿ ನಕ್ಕುಬಿಟ್ಟರು. "ಸಕ್ಕರೆ ಕಾಯಿಲೆಯವಳಿಗೆ ಅನಾನಸು ತಂದ್ಯಾ! ನನ್ನ ಮೇಲೆ ಇನ್ನೂ ಸಿಟ್ಟು ಹೋಗ್ಲಿಲ್ವಾ ನಿಂಗೆ?"

ಅನುಶ್ರೀಗೆ ನಗು ಬರಲಿಲ್ಲ. ನಿಂತೇ ಹೇಳಿದಳು: "ತಪ್ಪಾಯ್ತು, ಅಮ್ಮ. ನಾನು ಧಾರವಾಡದಲ್ಲಿದ್ರೆ ಹುಬ್ಬಳ್ಳಿ ಹತ್ರ. ರಘುಪತಿ ಸರ್ ಇಲ್ಲಿ ನಿಮ್ಮನ್ನ ಬಸ್ಸು ಹತ್ತಿಸಿದ್ರೆ ಅಲ್ಲಿ ನಾನು ಇಳಿಸ್ಕೊಳ್ತೀನಿ. ಆಸ್ಪತ್ರೆ ಮುಗಿಸಿ ವಾಪಸ್ ಬಸ್ಸು ಹತ್ತಿಸ್ತೀನಿ. ಅಭಿ ಹೋಗ್ಲಿ."

ಅಭಿಜ್ಞಾ ಬಾಗಿಲಿಗೆ ಒರಗಿದ್ದಳು. "ಪುಣೆಯವರು ನಿನ್ನನ್ನ ಕರೆದ್ರೆ?"

ಈ ಪ್ರಶ್ನೆ ಬರುತ್ತದೆ ಎಂದು ಅನುಶ್ರೀಗೆ ಗೊತ್ತಿತ್ತು. ಇಲ್ಲ, ನಾನು ಹೋಗುವುದಿಲ್ಲ ಎಂದುಬಿಡುವುದು ಆ ಹೊತ್ತಿಗೆ ಎಷ್ಟು ಸುಲಭವಿತ್ತು! ಈ ಸಲ ಅವಳು ಗೆಳತಿಯ ಮುಖ ನೋಡಿಯೇ ಹೇಳಿದಳು.

"ಕರೆದ್ರೆ ಹೋಗ್ತೀನಿ. ಹೋಗೋದಿಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಹೋಗೋ ಮುಂಚೆ ಇನ್ನೊಬ್ಬರನ್ನ ಗೊತ್ತುಮಾಡಿಕೊಟ್ಟೇ ಹೋಗ್ತೀನಿ."

ಅಭಿಜ್ಞಾ ಏನೋ ಹೇಳಹೊರಟಳು. ಸೀತಾ ಮಗಳನ್ನು ತಡೆದರು. "ಅಷ್ಟು ಸಾಕು ಕೂಸೆ. ಅನು ಸುಳ್ಳು ಹೇಳಿದ್ದಿಲ್ಲೆ ಅಲ್ದಾ? ನೀ ಪುಣೆಗೆ ಹೊರಡೋ ತಯಾರಿ ಮಾಡು."

ಅಭಿಜ್ಞಾ ಪುಣೆಗೆ ಹೋದಳು. ಹೋಗುವಾಗ ಅನುಶ್ರೀಗೆ ಫೋನು ಮಾಡಲಿಲ್ಲ. ಆಸ್ಪತ್ರೆಯ ದಿನ, ಡಾಕ್ಟರರ ಹೆಸರು, ಆಯಿಯ ಮಾತ್ರೆಗಳ ಹೆಸರು ಎಲ್ಲ ಬರೆದು ಮೆಸೇಜು ಕಳಿಸಿದಳು. ಕೊನೆಗೆ, 'ಇಂಜೆಕ್ಷನ್ ಆದ ಮೇಲೆ ಆಯಿಗೆ ತಲೆ ಸುತ್ತುತ್ತದೆ, ಕೈ ಬಿಡಬೇಡ' ಎಂದಿತ್ತು.

ಅನುಶ್ರೀ ಧಾರವಾಡಕ್ಕೆ ಹೋದ ವಾರವೇ ಪುಣೆಯಿಂದ ಇನ್ನೊಂದು ಮೇಲ್ ಬಂತು. ಯಾರೋ ಒಬ್ಬರು ಸೀಟು ಬಿಟ್ಟಿದ್ದರು. ಅವಳೀಗ ಕಾಯುವವರಲ್ಲಿ ಮೊದಲನೆಯವಳು. ಇದರಿಂದ ಅವಳ ಚಡಪಡಿಕೆ ಇನ್ನೂ ಹೆಚ್ಚಾಯಿತು. ಹಾಸ್ಟೆಲಿನಲ್ಲಿ ಟ್ರಂಕು ಖಾಲಿ ಮಾಡದೆ ಆಯಾ ದಿನದ ಬಟ್ಟೆಯನ್ನಷ್ಟೇ ತೆಗೆದುಕೊಳ್ಳುತ್ತಿದ್ದಳು. ಪುಸ್ತಕ ಕೊಳ್ಳಲಿಲ್ಲ. ಪಕ್ಕದ ಮಂಚದವಳು ಊರು ಯಾವುದೆಂದು ಕೇಳಿದರೆ ಅರ್ಧ ಉತ್ತರ ಕೊಟ್ಟು ಫೋನು ನೋಡುತ್ತಿದ್ದಳು. ಹಳ್ಳಿಗಳಲ್ಲಿ ಬಿದ್ದಿರುವ ಶಾಸನ, ವೀರಗಲ್ಲುಗಳ ಸಮೀಕ್ಷೆಗೆ ಯಾರು ಬರುತ್ತೀರಿ ಎಂದು ಪ್ರೊಫೆಸರ್ ಕೇಳಿದ ದಿನ ಬೆಂಚಿನ ಮೇಲಿಟ್ಟ ಕೈಯನ್ನು ಎತ್ತಲಿಲ್ಲ. ಇನ್ನೇನು ಹೊರಟುಹೋಗುವವಳಿಗೆ ಅದೆಲ್ಲ ಯಾಕೆ ಎಂದುಕೊಂಡಳು.

ಆಸ್ಪತ್ರೆಯ ದಿನ ಅವಳು ಹುಬ್ಬಳ್ಳಿಯಲ್ಲಿ ಕಾದು ನಿಂತಳು. ಯಲ್ಲಾಪುರದ ಬಸ್ಸಿನಿಂದ ಕಂಡಕ್ಟರು ಕೈ ಹಿಡಿದು ಇಳಿಸಿದ ಸೀತಾ ಮುಖ ಪಕ್ಕಕ್ಕೆ ತಿರುಗಿಸಿ ಅವಳನ್ನು ಗುರುತು ಹಿಡಿದರು. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಕೂರಿಸಿದರು, ಒಳಗೆ ಕರೆದರು. ಇಂಜೆಕ್ಷನ್ ಆಗಿ, ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಬಂದ ಸೀತಾರನ್ನು ಅವಳು ಬೆಂಚಿನ ಮೇಲೆ ಕೂರಿಸಿ ಕೈ ಹಿಡಿದುಕೊಂಡಿರುವಾಗ ಇನ್ನೊಂದು ಕೈಯಲ್ಲಿದ್ದ ಫೋನು ನಡುಗಿತು.

ಪ್ರವೇಶ ಮುಗಿದಿದೆ. ಕಾಯುವ ಪಟ್ಟಿಯನ್ನು ಮುಚ್ಚಲಾಗಿದೆ. ಆಸಕ್ತಿ ತೋರಿಸಿದ್ದಕ್ಕೆ ವಂದನೆಗಳು.

ಅವಳ ಕೈ ಬಿಗಿಯಾದದ್ದು ಸೀತಾರಿಗೆ ತಿಳಿಯಿತು. "ಎಂತ ಬಂತು?"

"ಪುಣೆದು. ಮುಚ್ಚಿತಂತೆ."

ಸೀತಾ ಆ ಕೈಯನ್ನು ಮೆಲ್ಲಗೆ ತಟ್ಟಿದರು. ಆಮೇಲೆ ಕೇಳಿದರು: "ಅಳ್ತಾ ಇದ್ದೀಯಾ?"

"ಹ್ಞೂಂ."

"ಅಳು. ನಂಗಂತೂ ಇವತ್ತು ಎಂತದೂ ಕಾಣೋದಿಲ್ಲ."

ಅನುಶ್ರೀ ಅತ್ತಳು. ಸುತ್ತ ಕೂತಿದ್ದವರು ಇವಳಿಗೂ ಕಣ್ಣಿಗೆ ಏನೋ ಆಗಿದೆ ಎಂದುಕೊಂಡಿರಬೇಕು, ಯಾರೂ ತಿರುಗಿ ನೋಡಲಿಲ್ಲ. ಅತ್ತು ಮುಗಿದ ಮೇಲೆ ಇಬ್ಬರೂ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿದರು. ಅನುಶ್ರೀಗೆ ಹಸಿವಿತ್ತು, ಅದು ಅವಳಿಗೇ ಆಶ್ಚರ್ಯವಾಯಿತು.

"ಮುಂದಿನ ವರ್ಷ ಮತ್ತೆ ಬರೀತೀಯಾ?" ಸೀತಾ ಕೇಳಿದರು.

"ಗೊತ್ತಿಲ್ಲ, ಅಮ್ಮ. ಬರೀಬಹುದು."

"ಬರಿ. ನನ್ನ ಕಣ್ಣಿನ ಲೆಕ್ಕ ಹಿಡೀಬೇಡ ಅದಕ್ಕೆ."

ಸೀತಾರನ್ನು ಯಲ್ಲಾಪುರದ ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರಿಗೆ ಹೇಳಿದಳು. ಬಸ್ಸು ಹೊರಟ ಮೇಲೆ ಅಭಿಜ್ಞಾಳಿಗೆ ಮೆಸೇಜು ಕಳಿಸಿದಳು: 'ಆಯಿ ಬಸ್ಸು ಹತ್ತಿದ್ರು. ಕೈ ಬಿಡಲಿಲ್ಲ.' ತಾನು ಧಾರವಾಡದ ಬಸ್ಸು ಹತ್ತಿದಳು. ಧಾರವಾಡ ಇನ್ನೇನು ಬಂತು ಎನ್ನುವಾಗ ಒಂದು ಫೋಟೋ ಬಂತು, ಪುಣೆಯ ತರಗತಿಯದ್ದು. ಮೇಜಿನ ಮೇಲೆ ಹರಡಿದ ಹಳೆಯ ಮಡಕೆ ಚೂರುಗಳು. ಕೆಳಗೆ, 'ಇದನ್ನ ನಿಂಗೆ ಕಳಿಸ್ಲಾ ಬೇಡ್ವಾ ಅಂತ ತುಂಬಾ ಯೋಚನೆ ಮಾಡಿದೆ' ಎಂದು ಬರೆದಿದ್ದಳು. ಹೊಟ್ಟೆಯೊಳಗೆ ಉರಿ ಎದ್ದದ್ದು ಸುಳ್ಳಲ್ಲ. ಆದರೂ ಅನುಶ್ರೀ ಫೋಟೋವನ್ನು ದೊಡ್ಡದು ಮಾಡಿ ಪ್ರತಿಯೊಂದು ಚೂರನ್ನೂ ನೋಡಿದಳು.

ಮರುದಿನ ಬೆಳಿಗ್ಗೆ ತರಗತಿ ಶುರುವಾಗುವ ಮೊದಲೇ ಪ್ರೊಫೆಸರರ ಕೋಣೆಯ ಬಾಗಿಲು ತಟ್ಟಿದಳು. "ಸರ್, ಸಮೀಕ್ಷೆಗೆ ನನ್ನ ಹೆಸರು ಹಾಕ್ಕೊಳ್ಳಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಆವತ್ತು ಕೇಳಿದಾಗ ಯಾಕ ಕೈ ಎತ್ತಲಿಲ್ಲವ್ವಾ?"

"ಆವತ್ತು ನಾನು ಇಲ್ಲಿ ಇರ್ಲಿಲ್ಲ ಸರ್" ಎಂದಳು ಅನುಶ್ರೀ.

ಅವರಿಗೆ ಅರ್ಥವಾಗಲಿಲ್ಲ. ಆದರೂ ಪೆನ್ನು ತೆಗೆದುಕೊಂಡು, ಊರು ಯಾವುದು ಎಂದು ಕೇಳಿದರು.