ಗಿಡದ್ದಲ್ಲ ತಪ್ಪು

ಬಿಸಿ ಗಾಳಿ ಬರ್ಲಿಕ್ಕತ್ತದ ಲ್ಯಾಪ್‌ಟಾಪಿನ ಬದಿಯಿಂದ, ಮುಂಗೈಗೆ ತಾಗ್ತದ, ಒಳಗಿನ ಫ್ಯಾನು ಜೋರಾತು, ಈಗ ಕಪ್ಪಾಗ್ತದ ನೋಡು, ಈಗ — ಆತು, ಸ್ಕ್ರೀನು ಕಪ್ಪು, ಒಂದು ಉಸಿರು, ತಿರುಗಿ ಬಂತು, ಆದ್ರ ಆಟಕ್ಕಂತ ನಾ ಬರದ ಲಿಂಬಿಗಿಡ ಇಲ್ಲ, ಆಟ ಕಟ್ಟೋ ಸಾಫ್ಟ್‌ವೇರೇ ಮುಚ್ಚಿಕೊಂಡು ಹೋಗ್ಯದ, ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡ್ತಿಲ್ಲ ಅನ್ನೋ ಅದೇ ಒಂದು ಸಾಲು, ಹನ್ನೊಂದು ದಿನದಿಂದ ಅದೇ ಸಾಲು, ಪಕ್ಕದಾಗ ಕೂತ ದಾವಲಬಿ ಮಾತ್ರ ಖುಷಿಯಾಗಿ, ಭೇಷಾತ್ರಿ ಅಕ್ಕಾರ, ನನ್ನ ಕಣ್ಣ ಮುಂದನ ಬಿತ್ತು, ಇನ್ನ ಹಿಡೀತೇನಿ ಅಂತಾಳ. ಸಿಂದಗಿಯಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾಕಿ, ನಮ್ಮ ಸಾಲಿ ಕಂಪ್ಯೂಟರ್ ನೋಡ್ಲಿಕ್ಕೆ ವರ್ಷಕ್ಕೆರಡು ಸಲ ಬರ್ತಾಳ, ಅಷ್ಟೇ ಗುರುತು, ಫೋನಿನಾಗ ನನ್ನ ದನಿ ಒಡದದ್ದು ಕೇಳಿ ಅಂಗಡಿ ಸೂಟಿ ದಿನ ಬಸ್ ಹತ್ತಿ ನಮ್ಮೂರು ಇಂಡಿಗೆ ಬಂದಾಳ, ಚಾ ಕುಡಿಯವ್ವಾ ಅಂದ್ರ ಕೆಲಸ ಆಗಲಿರಿ ಅಂತಾಳ. ಚಿತ್ರಕಲಾ ಟೀಚರ್ ನಾನು, ಐವತ್ತೆರಡು ವರ್ಷ, ವಿಡಿಯೋ ನೋಡಿ ನೋಡಿ ಆಟ ಕಟ್ಟೂದು ಕಲ್ತೆ, ಯಾಕಂದ್ರ ಇವರು — ಧೀರೇಂದ್ರ, ಹೆಸರು ಮನಸಿನಾಗಷ್ಟೇ ಅಂತೀನಿ — ಲಕ್ವಾ ಹೊಡದ ಮ್ಯಾಲೆ ಬಲಗೈ ಮಡಿಲಾಗ ಇಟ್ಟುಕೊಂಡು ಸುಮ್ಮನ ಕೂತುಬಿಟ್ರು, ಡಾಕ್ಟರು ರಬ್ಬರ್ ಚೆಂಡು ಹಿಚುಕ್ರಿ ಅಂದ್ರ, ನಾ ಏನು ಕೂಸಾ ಅಂತ ಮಂಚದ ಕೆಳಗ ಉರುಳಿಸಿದ್ರು, ಆರು ತಿಂಗಳೊಳಗ ಬೆರಳು ಆಡಿಸದಿದ್ರ ಆಮ್ಯಾಲೆ ಕಷ್ಟ ಅಂದಿದ್ರು ಡಾಕ್ಟರು, ನಾಲ್ಕು ಆಗಿಹೋದವು, ಆದ್ರ ಫೋನಿನಾಗ ಆಟ ಆಡ್ಲಿಕ್ಕೆ ಎಡಗೈ ನಾಚೂದಿಲ್ಲ, ಅದನ್ನ ನೋಡೇ ಹೊಳೀತು ನನಗ, ಬಲಗೈಯಿಂದ ಮೌಸ್ ಒತ್ತಿದ್ರ ಮಾತ್ರ ಹಣ್ಣು ಬೀಳೋ ಆಟ.

ಹಣ್ಣು ಬೀಳೂಕಿಂತ ಮೊದಲು ಸ್ಕ್ರೀನೇ ಬೀಳ್ತಿತ್ತು. ಎಲಿ ಭಾಳ ಬರದೀನೇನೋ, ಮಶೀನಿಗೆ ಭಾರಾತೇನೋ ಅಂತ ಎಲಿ ಕಿತ್ತೆ, ನೆರಳು ತಗದೆ, ಅರ್ಧ ಗಿಡ ಬೋಳು ಮಾಡಿದೆ, ಆದ್ರೂ ಕಪ್ಪು, ನನ್ನ ಕೈಲೆ ಆಗೂದಲ್ಲ ಇದು, ವಯಸ್ಸಿಗೆ ಒಪ್ಪದ ಹುಚ್ಚು, ಹೀಂಗೇ ಬಯ್ಕೊಂಡೀನಿ ಹನ್ನೊಂದು ದಿನ. ದಾವಲಬಿ ಕಂಪ್ಯೂಟರ್ ತಾನೇ ಬರ್ಕೊಂಡ ದಿನಚರಿ ತಗದು ತೋರಸ್ತಾಳ, ನೋಡ್ರಿ, ಪ್ರತಿ ಸಲ ಬಿದ್ದ ಹೊತ್ತಿಗೆ ಇದೊಂದ ಹೆಸರು, ತಪ್ಪು ನಿಮ್ಮ ಗಿಡದ್ದಲ್ರಿ ಅಕ್ಕಾರ, ಡ್ರೈವರ್‌ದು. ನಿಮ್ಮ ಆಟದ ಮಾತು ಗ್ರಾಫಿಕ್ಸ್ ಕಾರ್ಡಿಗೆ ತಿಳಿಸಿ ಹೇಳಾವ ಅಂವ, ಹಳೇದು ಪೂರಾ ಹೋಗಿಲ್ಲ, ಅದರ ಮ್ಯಾಲ ಹೊಸಾದು ಬಂದು ಕುಂತೈತಿ, ಇಬ್ಬರೂ ಜಗಳಾಡಾಕತ್ತಾರ. ಗಿಡದ್ದಲ್ಲ — ಎಷ್ಟು ದಿನಾತು ನನಗ ಯಾರಾದ್ರೂ ನಿನ್ನ ತಪ್ಪಲ್ಲ ಅಂದು, ಈ ನಾಲ್ಕು ತಿಂಗಳಾಗ ಯಾರೂ ಅಂದಿಲ್ಲ, ಬಿ.ಪಿ. ಗುಳಿಗಿ ಯಾಕ ತಪ್ಪಿಸಿದಿ, ಉಪ್ಪು ಯಾಕ ಹಾಕಿದಿ, ಬಂದವರೆಲ್ಲ ಅದನ್ನೇ ಕೇಳಿದ್ರು, ಸೆರಗಿನಿಂದ ಮೂಗು ಒರಸ್ಕೊಂಡೆ, ಅಕಿ ನೋಡಿದ್ರೂ ನೋಡದಂಗ ವೈ-ಫೈ ಬಂದ್ ಮಾಡಿದ್ಲು, ಇಲ್ಲಾಂದ್ರ ಅದು ತಾನ ಮತ್ತ ಹೊಸಾದು ತಂದು ಹಾಕ್ತೈತಿ ಅಂತ, ಎರಡೂ ಡ್ರೈವರ್ ಬುಡಸಮೇತ ಕಿತ್ತು, ಪೆನ್‌ಡ್ರೈವ್‌ನಾಗ ತಂದ ಹಳೇ ನಂಬಿಗಸ್ತ ಡ್ರೈವರನ್ನ ಹಾಕಿ, ಮಶೀನ್ ಬಂದ್ ಮಾಡಿ ಚಾಲೂ ಮಾಡಿ, ಎಲಿ ತಿರುಗಿ ಹಾಕ್ರಿ ಅಕ್ಕಾರ, ಎಲ್ಲಾನೂ ಹಾಕ್ರಿ. ಹಾಕಿದೆ. ನೆರಳೂ ಹಾಕಿದೆ. ಇಪ್ಪತ್ತು ನಿಮಿಷ ಕಾದ್ವಿ, ಫ್ಯಾನು ಜೋರಾತು, ತಣ್ಣಗಾತು, ಗಿಡ ಅಲ್ಲೇ ನಿಂತಿತ್ತು.

ಬರ್ರಿ ಅಂತ ಇವರನ್ನ ಕರದೆ, ಬರೂದಿಲ್ಲ ಅಂದ್ರು, ದಾವಲಬಿ, ಸರ, ಸಿಂದಗಿಯಿಂದ ಬಂದೇನ್ರಿ, ಒಂದ ಹಣ್ಣು ಕೆಡವಿ ತೋರ್ಸ್ರಿ ಅಂದ್ಲು, ಪರರ ಮುಂದ ಇಲ್ಲ ಅನ್ನಲಿಕ್ಕೆ ಬಾರದ ಬಂದು ಕೂತ್ರು, ಆ ಕೈ ನಾನೇ ಎತ್ತಿ ಮೌಸ್ ಮ್ಯಾಲೆ ಇಟ್ಟೆ, ಎಷ್ಟು ಭಾರ, ತೋರುಬೆರಳು ಸತ್ತಂಗ ಬಿದ್ದದ, ಗೋಡಿ ಗಡಿಯಾರ ಟಿಕ್ ಟಿಕ್, ಬಿಡ್ರಿ ನಾಳೆ ನೋಡೂಣು ಅನ್ನಬೇಕಂತ ಬಾಯಿ ತಗದೆ — ಟಕ್. ಹಣ್ಣು ಬಿತ್ತು. ಸ್ಕ್ರೀನು ಹಂಗೇ ಬೆಳ್ಳಗದ. ಇವರು ನನ್ನ ಕಡೆ ತಿರುಗಿ, ನಲಿನಿ, ಹಣ್ಣು ಭಾಳ ಕೆಳಗ ಇಟ್ಟೀಯಲ್ಲ, ಮ್ಯಾಲಿನ ಟೊಂಗೀಗೂ ಇಡು ಅಂದ್ರು, ಗದರಿದ್ರು, ನಾಲ್ಕು ತಿಂಗಳ ಮ್ಯಾಲೆ ಗದರಿದ್ರು, ದಾವಲಬಿ ಈಗ ಚಾ ಕುಡೀಲಿಕ್ಕತ್ಯಾಳ, ಏನಂತ ಹೇಳ್ಲಿ ಈಕಿಗೆ, ಯಾವ ಮಾತು, ದೇವರು ಛಲೋ ಇಡಲಿ ಅನ್ನೂದು ಸಣ್ಣದಾಗ್ತದ, ತಂಗೀ ಅಂದ್ರ — ಇವರ ಬೆರಳು ಮತ್ತ ಏಳ್ತದ, ನಡಗ್ತದ, ನಿಲ್ತದ, ಇಳೀತದ, ಏಳ್ತದ, ನಿಲ್ತದ, ಆ ಬೆರಳು, ಇಳೀತದ, ಏಳ್ತದ