ರಿಂಗಾದ್ರೆ ಸಾಕು

ಪ್ರೊಫೆಸರ್ ನಾಗಲಿಂಗಯ್ಯನವರಿಗೆ ಎರಡು ಹುಚ್ಚು. ಸಾಫ್ಟ್‌ವೇರ್ ಬರೆಯುವ ಮೊದಲು ಜನರಿಗೆ ನಿಜವಾಗಿ ಏನು ಬೇಕೆಂದು ಕೇಳಿ ತಿಳಿಯುವುದು ಒಂದು. ಅದರಲ್ಲೇ ಅವರಿಗೆ ಡಾಕ್ಟರೇಟು ಬಂದಿತ್ತು. ಇನ್ನೊಂದು ಪೌರಾಣಿಕ ನಾಟಕ. ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಎಲ್ಲಿ ನಾಟಕ ಕಟ್ಟಿದರೂ ಕೈಯಿಂದ ದುಡ್ಡು ಕೊಟ್ಟು ಮೀಸೆ ತಿರುವುವ ಪಾತ್ರವನ್ನೇ ಹಿಡಿಯುತ್ತಿದ್ದರು. ಅವರ ತರಗತಿಯೂ ಒಂದು ರಂಗಸ್ಥಳವೇ. ಗಿರಾಕಿಯಾಗಿ ಅವರು ನಿಲ್ಲಬೇಕು, ಹುಡುಗರು ಪ್ರಶ್ನೆ ಕೇಳಬೇಕು. ಕೊನೆಯ ವರ್ಷದ ಭುವನಾಗೂ ಈ ಆಟ ಬಹಳ ಇಷ್ಟವಿತ್ತು, ಅದರೊಳಗೆ ಅವಳ ತಾಯಿ ಬರುವ ತನಕ.

ನಿಮ್ಮೂರಿನ ಯಾರನ್ನಾದರೂ ಕೂರಿಸಿಕೊಂಡು, ಮೊಬೈಲಿನಿಂದ ಏನಾಗಬೇಕೆಂದು ಕೇಳಿ ರೆಕಾರ್ಡ್ ಮಾಡಿ ತನ್ನಿ ಎಂದಿದ್ದರು ಮೇಷ್ಟ್ರು. ಉಳಿದವರು ಅಂಗಡಿಯವರನ್ನೋ ಡೇರಿಯವರನ್ನೋ ಹಿಡಿದರು. ನಾಗಲಮಡಿಕೆ ಪಕ್ಕದ ಹಳ್ಳಿಯ ಭುವನಾ ಮೈಗಳ್ಳತನಕ್ಕೆ ಅಡುಗೆಮನೆಯಲ್ಲಿದ್ದ ಅಮ್ಮ ಮುದ್ದಕ್ಕನನ್ನೇ ಕೇಳಿದಳು. ಬೋರ್‌ವೆಲ್ ಲಾರಿಯ ಜತೆ ಉತ್ತರದ ಕಡೆ ಹೋದ ಅಪ್ಪ ಜಯಣ್ಣ ಮೂರು ವರ್ಷದಿಂದ ನಾಪತ್ತೆಯಾಗಿದ್ದ. ಯಾವಳನ್ನೋ ಕಟ್ಟಿಕೊಂಡಿದ್ದಾನೆ ಎನ್ನುವವರೂ ಇದ್ದರು, ಸತ್ತೇಹೋದ ಎನ್ನುವವರೂ ಇದ್ದರು. ಅವನ ಫೋನಿಗೆ ಯಾವಾಗ ಮಾಡಿದರೂ ಸ್ವಿಚ್ ಆಫ್.

"ನಿಮ್ಮಪ್ಪನ ಫೋನು ರಿಂಗಾಗಂಗೆ ಮಾಡ್ಕೊಡಮ್ಮ," ಎಂದಿದ್ದಳು ಮುದ್ದಕ್ಕ. "ಎತ್ತದು ಬ್ಯಾಡ, ಮಾತಾಡದೂ ಬ್ಯಾಡ. ರಿಂಗಾದ್ರೆ ಸಾಕು. ಎಲ್ಲೋ ಬದುಕವ್ರೆ ಅನ್ಕಂತೀನಿ."

ಅದನ್ನು ಅಲ್ಲೇ ಅಳಿಸಿಹಾಕಬೇಕಿತ್ತು. ಆದರೆ ಮಾರ್ಕ್ಸ್ ಬೇಕಿತ್ತಲ್ಲ! 'ನಿಮ್ಮಪ್ಪನ' ಎಂಬುದನ್ನಷ್ಟೇ ಕತ್ತರಿಸಿ, ಯಾರೋ ಹಳ್ಳಿ ಹೆಂಗಸು ಎಂದು ಕೊಟ್ಟುಬಿಟ್ಟಳು.

ಮೇಷ್ಟ್ರಿಗೆ ಬೇಟೆ ಸಿಕ್ಕಂತಾಯಿತು. ಒಬ್ಬ ಹುಡುಗಿಯ ದುಪಟ್ಟಾ ಕಸಿದು ತಲೆ ಮೇಲೆ ಹೊದ್ದು, ಮೂಗಿನಲ್ಲಿ ದನಿ ತೆಗೆದು, "ಎತ್ತದು ಬ್ಯಾಡ ಸಾಮೀ, ರಿಂಗಾದ್ರೆ ಸಾಕೂ" ಎಂದು ಸೊಂಟ ಬಗ್ಗಿಸಿ ನಿಂತರೆ ತರಗತಿ ಬಿದ್ದು ಬಿದ್ದು ನಕ್ಕಿತು. "ನಗಬೇಡಿ, ಇಷ್ಟು ಸ್ಪಷ್ಟವಾದ ಬೇಡಿಕೆ ನಿಮ್ಮಲ್ಲಿ ಒಬ್ಬನೂ ತಂದಿಲ್ಲ" ಎಂದು ಇನ್ನಷ್ಟು ನಗಿಸಿದರು. ಎಲ್ಲಿ ಗೊತ್ತಾಗಿಬಿಡುತ್ತದೋ ಎಂಬ ಹೆದರಿಕೆಗೆ ಭುವನಾಳೂ ನಕ್ಕಳು. ಆಮೇಲೆ ಆ ಮಾತು ಕಾಲೇಜಿನ ತುಂಬ ಹಬ್ಬಿತು. ಕ್ಯಾಂಟೀನಿನಲ್ಲಿ ಟೀ ತಡವಾದರೂ ರಿಂಗಾದ್ರೆ ಸಾಕು, ಬಸ್ಸು ತಪ್ಪಿದರೂ ರಿಂಗಾದ್ರೆ ಸಾಕು.

ತಿಂಗಳಾದ ಮೇಲೆ ಹುರಿದ ಕಡಲೆಕಾಯಿಯ ಚೀಲ ಹೊತ್ತು ಮುದ್ದಕ್ಕ ಕಾಲೇಜಿಗೇ ಬಂದಳು. ಲ್ಯಾಬಿನ ಮುಂದೆ ಹುಡುಗರ ಬಾಯಲ್ಲಿ ಆ ಮಾತು ಕೇಳಿ ಮುಖ ಅರಳಿಸಿದಳು.

"ಎಲ್ರೂ ನನ್ ಮಾತೇ ಆಡ್ತಾವ್ರಲ್ಲಮ್ಮ! ಕೆಲ್ಸ ನಡೀತಾ ಐತೆ ಅಂತಾಯ್ತು."

ಭುವನಾಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಡೆಯುವಷ್ಟರಲ್ಲಿ ಅಮ್ಮ ಒಳಗೆ ಹೋಗಿ ಮೇಷ್ಟ್ರಿಗೆ ಕೈ ಮುಗಿದು ನಿಂತಿದ್ದಳು.

"ಸಾಮಿ, ನಮ್ಮನೆಯವ್ರ ಫೋನು ರಿಂಗಾಗಂಗೆ ಮಾಡ್ತೀರಂತೆ. ಎಲ್ಲಿಗಂಟ ಬಂತು?"

ನಾಗಲಿಂಗಯ್ಯ ಆ ದನಿಯನ್ನು ಗುರುತು ಹಿಡಿದರು. ಮುದ್ದಕ್ಕನನ್ನು ನೋಡಿದರು, ಭುವನಾಳನ್ನು ನೋಡಿದರು. ಮನುಷ್ಯನಾದವನಿಗೆ ಅಲ್ಲಿ ನಾಚಿಕೆಯಾಗಬೇಕಿತ್ತು. ಆದರೆ ಲ್ಯಾಬು ತುಂಬಿತ್ತು, ಹುಡುಗರೆಲ್ಲ ಕತ್ತು ಚಾಚಿದ್ದರು, ಈ ನಟನಿಗೆ ಅಷ್ಟೇ ಸಾಕಾಯಿತು.

"ರೆಡಿ ಐತೆ ತಾಯಿ," ಎಂದರು, ಅವಳದೇ ದನಿಯಲ್ಲಿ.

ಮುದ್ದಕ್ಕನ ಫೋನಿನಲ್ಲಿ ಎರಡರ ಗುಂಡಿ ಒತ್ತಿ ಹಿಡಿದರೆ ಗಂಡನಿಗೆ ಕರೆ ಹೋಗುತ್ತಿತ್ತು. ಮೇಷ್ಟ್ರು ಅದನ್ನು ಇಸಿದುಕೊಂಡು, ಆ ಗುಂಡಿಗೆ ಪ್ರಯೋಗಕ್ಕೆಂದು ಲ್ಯಾಬಿನ ಕಪಾಟಿನಲ್ಲಿಟ್ಟಿದ್ದ ಹಳೆಯ ಫೋನಿನ ನಂಬರು ತುಂಬಿ ವಾಪಸ್ ಕೊಟ್ಟರು. ಅವಳು ಒತ್ತಿದಳು. ಕಿವಿಯಲ್ಲಿ ರಿಂಗಾಯಿತು. ಕಪಾಟಿನೊಳಗೆ ಫೋನು ಗುರ್ ಗುರ್ ಎಂದಿತು. ನವೀನ್ ಕುಮಾರ್ ಎಂಬವನು ನಗು ತಡೆಯಲಾರದೆ ಮೇಜಿನ ಕೆಳಗೆ ತೂರಿಕೊಂಡ.

ಮುದ್ದಕ್ಕ ಅದು ನಿಲ್ಲುವವರೆಗೂ ಕೇಳಿದಳು. ಅತ್ತಳು. ಮೇಷ್ಟ್ರ ಕಾಲು ಮುಟ್ಟಲು ಹೋದಳು. ಅವರು ರಂಗದ ಮೇಲಿನಂತೆಯೇ ಕೈಯೆತ್ತಿ ಹರಸಿದರು.

ಭುವನಾ ನಿಜ ಹೇಳದೆ ಅಮ್ಮನನ್ನು ಹೊರಗೆ ಕರೆದುಕೊಂಡು ಹೋದಳು. ಅವಳ ಪ್ರಾಜೆಕ್ಟಿನ ಮಾರ್ಕ್ಸು ಮೇಷ್ಟ್ರ ಕೈಯಲ್ಲಿತ್ತು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಬಸ್‌ಸ್ಟ್ಯಾಂಡಿನಲ್ಲಾದರೂ ಹೇಳಬೇಕೆಂದುಕೊಂಡಳು. ಅಲ್ಲಿ ಅಮ್ಮ, ಊರವರ ಮಾತಿಗೆ ಹೆದರಿ ಬಿಟ್ಟಿದ್ದ ಹೂವನ್ನು ಒಂದು ಮೊಳ ಕೊಂಡು ಮುಡಿದಳು.

"ಬದುಕವ್ರೆ ಕಣಮ್ಮ. ಯಾಕೆ ಎತ್ತಲಿಲ್ಲ ಅಂತ ನಾನು ಕೇಳಾಕಿಲ್ಲ ಬುಡು."

ಮೇಷ್ಟ್ರಿಗೆ ಆ ತಮಾಷೆ ವಾರದಲ್ಲೇ ಹಳಸಿತು; ಹೊಸ ನಾಟಕದ ತಾಲೀಮು ಶುರುವಾಗಿತ್ತು. ಕಪಾಟಿನ ಫೋನು ಮಾತ್ರ ಪ್ರತಿ ಸಂಜೆ ಗುರ್ ಎನ್ನುತ್ತಿತ್ತು. ಭುವನಾ ಕೀಲಿ ಕೇಳಿ ಪಡೆದು ದಿನಾ ಅದನ್ನು ಚಾರ್ಜಿಗೆ ಹಾಕತೊಡಗಿದಳು. ಪರೀಕ್ಷೆ ಮುಗಿದ ದಿನ, ಆ ಫೋನು ನನಗೆ ಕೊಡಿ ಸಾರ್ ಎಂದು ಬೇಡಿದಳು.

"ಕಾಲೇಜಿನ ಆಸ್ತಿ ಅದು, ಹೊರಗೆ ಕೊಡೋಕಾಗಲ್ಲ. ಕೀಲಿ ಇಟ್ಟು ಹೋಗು," ಎಂದರು ನಾಗಲಿಂಗಯ್ಯ. ತಲೆ ಎತ್ತಿಯೂ ನೋಡಲಿಲ್ಲ.

ಊರಿಗೆ ಬಂದವಳು ಆ ಗುಂಡಿಗೆ ಬೇರೊಂದು ನಂಬರು ತುಂಬಲು ಅಮ್ಮನ ಫೋನು ಕೈಗೆತ್ತಿಕೊಂಡಳು. ಆದರೆ ಮೇಷ್ಟ್ರು ಮಾಡಿದ ಮೋಸವನ್ನೇ ತಾನೂ ಮಾಡಲು ಮನಸ್ಸು ಬರಲಿಲ್ಲ. ನಿಜ ಹೇಳಲೂ ಬಾಯಿ ಬರಲಿಲ್ಲ. ನಾಳೆ, ನಾಳೆ ಎಂದು ತಳ್ಳಿದಳು.

ವಾರದೊಳಗೆ ಒಂದು ಸಂಜೆ ಮುದ್ದಕ್ಕ ಜಗಲಿಯ ಮೇಲೆ ಕೂತು ಗುಂಡಿ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಸ್ವಿಚ್ ಆಫ್. ಮಾರನೆಯ ದಿನವೂ ಸ್ವಿಚ್ ಆಫ್. ಮೂರನೆಯ ದಿನ ಮುಡಿಯಲ್ಲಿದ್ದ ಹೂವನ್ನು ಕಿತ್ತು ಎಸೆದು, ಬಳೆಗಳನ್ನು ಕಂಬಕ್ಕೆ ಬಡಿದಳು. ಅಕ್ಕಪಕ್ಕದ ಹೆಂಗಸರು ಓಡಿಬಂದರು.

"ಇಷ್ಟು ದಿನ ಇದ್ರು ಕಣ್ರೇ! ಈಗ ಹೋಗ್ಬುಟ್ರು!"

ಭುವನಾ ಹೋಗಿ ಅವಳ ಕೈ ಹಿಡಿದುಕೊಂಡಳು. "ಅಮ್ಮ, ಅದು ಅಪ್ಪನ ಫೋನಲ್ಲ ಕಣಮ್ಮ. ನಮ್ ಕಾಲೇಜಿಂದು. ಮೊದ್ಲಿಂದ್ಲೂ ಕಾಲೇಜಿಂದೇ!"

ಮುದ್ದಕ್ಕ ಮಗಳ ತಲೆ ಸವರಿದಳು.

"ನನ್ ಸಮಾಧಾನಕ್ಕೆ ಸುಳ್ಳು ಹೇಳ್ಬ್ಯಾಡ ಮಗ," ಎಂದು, ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿಕೊಂಡಳು.