ಕ್ಯಾಲೆಂಡರಿನ ಹಿಂದಿನ ಕೆನೆಬಣ್ಣ

ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮಹಾಬಲೇಶ್ವರನಿಗಿಂತ ಬಣ್ಣ ಬಲ್ಲವರು ಇನ್ನೊಬ್ಬರಿರಲಿಲ್ಲ. ಹೀಗೆಂದು ಹೇಳುತ್ತಿದ್ದವನೂ ಮಹಾಬಲೇಶ್ವರನೇ. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಇರುವ ಭೂವಿಜ್ಞಾನಿ. ಕಲ್ಲಿನ ಕೆಂಪು ನೋಡಿಯೇ ಅದರಲ್ಲಿ ಕಬ್ಬಿಣ ಎಷ್ಟಿದೆಯೆಂದು ಹೇಳಬಲ್ಲವನು. ಮನೆ ಕಟ್ಟಿಸುವಾಗ ಹೆಂಡತಿ ರುಕ್ಮಿಣಿ ಊಟದ ಮೇಜಿನ ಎದುರಿನ ಗೋಡೆಗೆ ಚೆಂಡುಹೂವಿನ ಹಳದಿ ಕೇಳಿದ್ದಳು. "ನಿಂಗೆ ಬಣ್ಣದ ಕಣ್ಣಿಲ್ಲ ಬಿಡು" ಎಂದು ಇವನು ನಲವತ್ತು ಬಣ್ಣದ ಚೀಟಿ ಹರಡಿಕೊಂಡು ಒಂದು ಕೆನೆಬಣ್ಣ ಆರಿಸಿದ್ದ. ಅಂದಿನಿಂದ ಆ ಗೋಡೆಗೆ ಅವನದೇ ಕಾವಲು. ಒಗ್ಗರಣೆ ಸಿಡಿದೀತು, ಕುಕ್ಕರ್ ಉಕ್ಕೀತು ಎಂದು ಅವಳಿಗೆ ದಿನಾ ಪಾಠ.

೨೦೧೬ರ ಆಗಸ್ಟ್‌ನಲ್ಲಿ ರುಕ್ಮಿಣಿ ತಂಗಿ ಜಯಮಾಲಾಳ ಬಾಣಂತನಕ್ಕೆಂದು ಅಡಿಲೇಡ್‌ನ ಮಾಡ್ಬರಿಗೆ ಹೊರಟಳು. ಹೊರಡುವವಳು ಬಾಗಿಲಲ್ಲಿ ತಿರುಗಿ ನಿಂತಳು.

"ರೀ, ನಾನು ಬರೋಷ್ಟ್ರಲ್ಲಿ ಆ ಗೋಡೆ ಮೇಲೆ ನಿಮ್ಮಿಂದ ಒಂದು ಕಲೆ ಬಿದ್ರೂ, ಇನ್ಮೇಲೆ ಅದರ ಬಣ್ಣ ನಾನು ಹೇಳಿದ್ದು."

"ಆಯ್ತು ಹೋಗು. ನಾನೇನು ನೀನಾ?"

ಅವಳು ವಾಪಸು ಬರಲು ಮೂರು ದಿನವಿರುವಾಗ, ರಜೆಯಲ್ಲಿದ್ದ ಮಹಾಬಲೇಶ್ವರನಿಗೆ ಬಿಸಿಬೇಳೆಭಾತ್ ತಿನ್ನುವ ಆಸೆಯಾಯಿತು. ಹಸಿವು ಜಾಸ್ತಿ, ತಾಳ್ಮೆ ಕಡಿಮೆ. ಕುಕ್ಕರನ್ನು ಊಟದ ಮೇಜಿನ ಪಕ್ಕ ನೆಲಕ್ಕಿಟ್ಟು, ಪ್ರೆಷರ್ ಇಳಿಯುವ ಮೊದಲೇ ಮುಚ್ಚಳ ಎಳೆದ. ಪುಣ್ಯಕ್ಕೆ ಮುಖ ಉಳಿಯಿತು, ಗೋಡೆ ಉಳಿಯಲಿಲ್ಲ. ಅರಿಸಿನ, ಹುಳಿ, ಬೇಳೆ ಎಲ್ಲ ಸೇರಿ ಮೊಣಕಾಲೆತ್ತರದಲ್ಲಿ ಒಂದು ಹಳದಿ ಭೂಪಟ ಮೂಡಿತು. ಉಜ್ಜಿದಷ್ಟೂ ದೇಶದ ಗಡಿ ಹಿಗ್ಗಿತು.

ಆ ಬಣ್ಣ ಮಾರಿದ್ದ ಅಂಗಡಿ ಮುಚ್ಚಿ ವರ್ಷವಾಗಿತ್ತು. ಹತ್ತಿರದ ಅಂಗಡಿಯಲ್ಲಿ ಇನ್ನೊಂದು ಕಂಪನಿಯ ಬಣ್ಣ. ಕೌಂಟರಿನ ಹುಡುಗಿ, ಹಳೆಯ ಬಣ್ಣದ ಹೆಸರು ಹೇಳಿದರೆ ಸಾಕು, ಬೇರೆ ಕಂಪನಿಯದಾದರೂ ಕಂಪ್ಯೂಟರಿನಲ್ಲಿ ಹುಡುಕಿ ಅದನ್ನೇ ಬೆರೆಸಿಕೊಡುತ್ತೇನೆ ಎಂದಳು. ಹೆಸರಿದ್ದ ಚೀಟಿ ಇವನ ಜೇಬಿನಲ್ಲೇ ಇತ್ತು. ಆದರೆ ಗಣಿಯಲ್ಲಿ ಹೊಸಬರಿಗೂ ಮನೆಯಲ್ಲಿ ಹೆಂಡತಿಗೂ ಇವನು ಹೇಳಿಕೊಡುವ ಮೊದಲ ಪಾಠವೇ ಬೇರೆ: ಕಾಗದದ ಮೇಲಿನ ಹೆಸರನ್ನು ನಂಬಬೇಡಿ, ಸ್ಯಾಂಪಲ್ ನಂಬಿ.

ಮನೆಗೆ ಬಂದು ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿದ. ಗೋಡೆಯ ಮೇಲೆ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಇತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಖಾಲಿ ಮನೆಯಲ್ಲೂ ಅತ್ತಿತ್ತ ನೋಡಿ, ಅದರ ತುದಿಯೆತ್ತಿ, ಚಾಕುವಿನಿಂದ ಹೆಬ್ಬೆರಳಿನ ಉಗುರಿನಷ್ಟು ಚೂರು ಕೆತ್ತಿದ. ಅಂಗಡಿಯ ಯಂತ್ರ ಆ ಚೂರನ್ನು ಓದಿತು, ಹುಡುಗಿ ಡಬ್ಬಿ ಕುಲುಕಿ ಕೊಟ್ಟಳು.

ಹಚ್ಚಿದ ಬಣ್ಣ ಬೆಳಿಗ್ಗೆ ಒಣಗಿದ ಮೇಲೆ ನೋಡಿದರೆ ತಿಳಿ ಗುಲಾಬಿ! ಪರದೆ ಸರಿಸಿ ನೋಡಿದ, ಮುಚ್ಚಿ ನೋಡಿದ, ಲೈಟು ಹಾಕಿ ನೋಡಿದ. ಗುಲಾಬಿಯೇ. ಡಬ್ಬಿ ಹಿಡಿದು ಜಗಳಕ್ಕೆ ಹೋದ. ಹುಡುಗಿ ಅವನು ತಂದಿದ್ದ ಚೂರಿನ ಮೇಲೆ ಒಂದು ತೊಟ್ಟು ಹಚ್ಚಿ ಒಣಗಿಸಿದಳು. ಎಲ್ಲಿ ಹಚ್ಚಿದಳೆಂದೇ ಗೊತ್ತಾಗಲಿಲ್ಲ.

"ಸ್ಯಾಂಪಲ್ ಸರಿಯಾಗೇ ಇದೆ ಮೇಟ್" ಎಂದಳು. "ನಿಮ್ಮ ಗೋಡೆ ತಪ್ಪಿರಬೇಕು."

ಮನೆಗೆ ಬಂದವನೇ ಕ್ಯಾಲೆಂಡರನ್ನು ಪೂರ್ತಿ ಕೆಳಗಿಳಿಸಿದ. ಅದರ ಹಿಂದೆ ಬ್ರಶ್ಶಿನ ಗೆರೆ ಎದ್ದು ಕಾಣುವ ಒಂದು ಚೌಕ, ಅದೇ ತಿಳಿ ಗುಲಾಬಿ. ರುಕ್ಮಿಣಿ! ಇವನು ಗಣಿಯಲ್ಲಿದ್ದಾಗ ಯಾವಾಗಲೋ ಸಿಡಿಸಿ, ಯಾವುದೋ ಬಣ್ಣ ಬಳಿದು, ಮೇಲೆ ಪಂಚಾಂಗ ತೂಗುಹಾಕಿದ್ದಾಳೆ!

ಆಗಲೂ ಚೀಟಿ ತೋರಿಸಿ ಸರಿಯಾದ ಡಬ್ಬಿ ತಂದಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಅವನಿಗೆ ತನ್ನ ಕಳ್ಳತನ ಮುಚ್ಚುವುದಕ್ಕಿಂತ ಹೆಂಡತಿಯ ಕಳ್ಳತನ ಬಯಲು ಮಾಡುವುದೇ ಸಿಹಿಯಾಗಿ ಕಂಡಿತು. ಎರಡೂ ತೇಪೆಗಳನ್ನು ಹಾಗೇ ಬಿಟ್ಟು, ಶಿಳ್ಳೆ ಹೊಡೆಯುತ್ತ ಅವಳನ್ನು ಕರೆತರಲು ಏರ್‌ಪೋರ್ಟಿಗೆ ಹೋದ.

ಮನೆಯೊಳಗೆ ಕಾಲಿಟ್ಟ ರುಕ್ಮಿಣಿ ಗೋಡೆ ನೋಡಿ ನಿಂತಳು.

"ಕೆಳಗಿಂದು ನಂದು, ಒಪ್ಕೊಂಡೆ" ಎಂದ ಮಹಾಬಲೇಶ್ವರ. "ಮೇಲಿಂದು ಯಾರದಮ್ಮಾ? ಲೆಕ್ಕ ಚುಕ್ತಾ. ಷರತ್ತು ರದ್ದು."

ರುಕ್ಮಿಣಿ ಬ್ಯಾಗು ಕೆಳಗಿಟ್ಟಳು. ಕ್ಯಾಲೆಂಡರನ್ನೆತ್ತಿ ಅದರ ಮೊಳೆಗೇ ತೂಗುಹಾಕಿದಳು. ಅದರ ಕೆಳಗೆ ಎರಡು ಬೆರಳಗಲ ಗುಲಾಬಿ ಪಟ್ಟಿ ಢಾಳಾಗಿ ಇಣುಕುತ್ತಿತ್ತು.

"ಹೋದ ವರ್ಷದ ಕ್ಯಾಲೆಂಡರ್ ಉದ್ದ ಇತ್ತು, ಮುಚ್ಕೊಂಡಿತ್ತು. ಈ ವರ್ಷದ್ದು ಗಿಡ್ಡ. ಜನವರಿಯಿಂದ ನಂಗೆ ಎದೆ ಡವಡವ, ಇವತ್ತು ಸಿಕ್ಕಿಬಿದ್ದೆ, ನಾಳೆ ಸಿಕ್ಕಿಬಿದ್ದೆ ಅಂತ. ನೀವು ದಿನಾ ಎದುರಿಗೇ ಕೂತು ಉಂಡ್ರಿ. ತಿಥಿ ನೋಡಿದ್ರಿ, ರಾಹುಕಾಲ ನೋಡಿದ್ರಿ. ಬಣ್ಣದ ಕಣ್ಣು ಯಾರಿಗ್ರೀ ಇಲ್ದಿರೋದು?"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದಕ್ಕೂ ಒಂದು ಮೀಸೆ ಬೇಕಲ್ಲ. ಮಹಾಬಲೇಶ್ವರ ಅವಳ ಬ್ಯಾಗೆತ್ತಿಕೊಂಡು ಒಳಗೆ ಹೋದ. ಎಂಟು ತಿಂಗಳು ಹೆಂಡತಿ ಹೆದರಿಕೊಂಡೇ ಅನ್ನ ಬಡಿಸಿದ್ದಳು ಎಂಬುದು ಮಾತ್ರ ಅವನನ್ನು ನಿಜವಾಗಿ ನಾಚಿಸಿತು.

ಮರುದಿನ ಇಬ್ಬರೂ ಅಂಗಡಿಗೆ ಹೋದರು. ಯಾವ ಬಣ್ಣ ಬೇಕೆಂದು ಹುಡುಗಿ ಕೇಳಿದಾಗ ಇವನು ಅಭ್ಯಾಸಬಲದಿಂದ ಚೀಟಿಗಳ ಕಡೆ ಕೈ ಚಾಚಿದ. ರುಕ್ಮಿಣಿ ಆ ಕೈ ತಡೆದು, ಪರ್ಸಿನಿಂದ ಒಂದು ಚೆಂಡುಹೂವು ತೆಗೆದು ಯಂತ್ರದ ಮುಂದಿಟ್ಟಳು.

"ಸ್ಯಾಂಪಲ್ ತಾನೇ ನಂಬಬೇಕು?" ಎಂದಳು.